ಲಿಥಿಯಂ ಟಾರ್ಚ್ ಬೇಗ ಆರುವುದೇಕೆ: ಸೆಲ್, ಡ್ರೈವರ್ ಮತ್ತು ಕಡಿಮೆ ವೋಲ್ಟೇಜ್ ರಕ್ಷಣೆಯ ದೋಷ ನಿವಾರಣೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಟಾರ್ಚ್ ವರ್ಷವಿಡೀ ದುಡಿಯುವ ಸಾಧನ. ಬೇಸಿಗೆಯ ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ತೋಟದ ಪಂಪ್ ಹಾಕಲು, ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟಿಲ್ಲದಾಗ ಮನೆಯೊಳಗೇ ಓಡಾಡಲು, ಭತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ಮಾಳದಲ್ಲಿ ಕೂತು ಹಂದಿ ಕಾಯಲು, ಕೊಯ್ಲಿನ ತಿಂಗಳುಗಳಲ್ಲಿ ತಲೆಗೆ ಕಟ್ಟಿಕೊಂಡು ಅಡಿಕೆ ಸುಲಿಯಲು ಅದು ಬೇಕೇ ಬೇಕು. ಅದು ಕೈಕೊಟ್ಟಾಗ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: “ಶೆಲ್ಲು ಸತ್ತಿದೆ ಮಾರಾಯ್ರೆ, ಹೊಸದು ಹಾಕ್ಬೇಕು.” ಹೊಸ ಸೆಲ್ ಹಾಕಿದ ಮೇಲೂ ಅದೇ ತೊಂದರೆ ಮರುಕಳಿಸಿದರೆ ಟಾರ್ಚನ್ನೇ ಎಸೆಯುತ್ತಾರೆ. ಬಹಳ ಸಲ ಈ ಎರಡೂ ಅನಗತ್ಯ ಖರ್ಚು. ಟಾರ್ಚ್ ನಿಧಾನಕ್ಕೆ ಮಂಕಾಗಿ ಆರಿತೋ, ಹಂತ ಹಂತವಾಗಿ ಇಳಿದು ಆರಿತೋ, ಮಿಣುಕಿ ಆರಿತೋ, ಒಮ್ಮೆಲೇ ಕತ್ತಲಾಯಿತೋ ಎಂಬುದನ್ನು ಗಮನಿಸಿ, ಆರಿದ ಕೂಡಲೇ ಸೆಲ್ ಹೊರತೆಗೆದು ಅದರ ವೋಲ್ಟೇಜ್ ಅಳೆದರೆ, ದೋಷ ಸೆಲ್‌ನಲ್ಲಿದೆಯೋ, ಎಲ್‌ಇಡಿಗೆ ಹೋಗುವ ಕರೆಂಟನ್ನು ಹದಕ್ಕೆ ತರುವ ಡ್ರೈವರ್ ಬೋರ್ಡಿನಲ್ಲಿದೆಯೋ ಅಥವಾ ಇವೆರಡರ ನಡುವಿನ ಲೋಹದ ದಾರಿಯಲ್ಲಿದೆಯೋ ಎಂಬುದು ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ. ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ಡಿಜಿಟಲ್ ಮಲ್ಟಿಮೀಟರ್, ಚೆನ್ನಾಗಿದೆ ಎಂದು ಖಚಿತವಿರುವ ಇನ್ನೊಂದು ಸೆಲ್, ಗೇಣುದ್ದದ ದಪ್ಪ ತಾಮ್ರದ ವೈರು, ಒಣಬಟ್ಟೆ, ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್.

ಕೈಯಲ್ಲಿರುವುದು ಲಿಥಿಯಂ ಟಾರ್ಚೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಸಂತೆಯಲ್ಲಿ ಸಿಗುವ, ಹಿಂಬದಿಯಿಂದ ಎರಡು ಪಿನ್ನು ಹೊರಬಂದು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚುವ ಪ್ಲಾಸ್ಟಿಕ್ ಟಾರ್ಚ್‌ಗಳಲ್ಲಿ ಅನೇಕವು 4 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯವು. ಅವುಗಳ ಚಾರ್ಜಿಂಗ್ ವ್ಯವಸ್ಥೆಯಲ್ಲಿ ಹೆಚ್ಚಾಗಿ ಒಂದು ಕೆಪಾಸಿಟರ್ ಮತ್ತು ಕೆಲವು ಡಯೋಡುಗಳಷ್ಟೇ ಇರುತ್ತವೆ. 230 ವೋಲ್ಟಿನಿಂದ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ತುಂಬಿದ ಮೇಲೆ ಚಾರ್ಜ್ ನಿಲ್ಲಿಸುವ ಏರ್ಪಾಡೂ ಇರುವುದಿಲ್ಲ. ಸೀಸದ ಬ್ಯಾಟರಿ ಕೆಟ್ಟಾಗ ಅದರ ಜಾಗದಲ್ಲಿ ಲಿಥಿಯಂ ಸೆಲ್ ಕೂರಿಸಿ ಅದೇ ಪಿನ್ನಿನಿಂದ ಚಾರ್ಜ್ ಮಾಡುವ ರಿಪೇರಿ ಹಳ್ಳಿಗಳಲ್ಲಿ ನಡೆಯುತ್ತದೆ. ಅದನ್ನು ಮಾಡಲೇಬಾರದು. 4.2 ವೋಲ್ಟಿಗೆ ನಿಲ್ಲಬೇಕಾದ ಚಾರ್ಜು ಅಲ್ಲಿ ನಿಲ್ಲುವುದಿಲ್ಲ; ಸೆಲ್ ಉಬ್ಬಿ ಬೆಂಕಿ ಹತ್ತುವ ಅಪಾಯವಿದೆ.

ಅಳತೆಗಳ ಹಿನ್ನೆಲೆ

ಟಾರ್ಚ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 18650 ಸೆಲ್ 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದದ್ದು, 21700 ಅದಕ್ಕಿಂತ ದೊಡ್ಡದು, 14500 ಸಾಮಾನ್ಯ ಪೆನ್‌ಸೆಲ್ಲಿನ ಗಾತ್ರದ್ದು. ಮೂರರಲ್ಲೂ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ, ಮೇಲೆ ಅಚ್ಚಾಗಿರುವುದು 3.6 ಅಥವಾ 3.7 ವೋಲ್ಟ್, ಖಾಲಿಯಾಯಿತು ಎನ್ನುವುದು 3.0 ವೋಲ್ಟಿನ ಆಸುಪಾಸಿನಲ್ಲಿ. ತಯಾರಕರು ಕೊಡುವ ಕೆಳಮಿತಿ ಸೆಲ್‌ನಿಂದ ಸೆಲ್‌ಗೆ 2.5ರಿಂದ 3.0 ವೋಲ್ಟಿನೊಳಗೆ ವ್ಯತ್ಯಾಸವಾಗುತ್ತದೆ. ಆ ಮಿತಿ ದಾಟಿ ತೀರಾ ಕೆಳಗಿಳಿದ ಸೆಲ್‌ನಲ್ಲಿ ಋಣ ತುದಿಯ ತಾಮ್ರದ ಹಾಳೆ ಕರಗಲಾರಂಭಿಸುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆಡೆ ಕೂತು ಒಳಗೊಳಗೇ ಶಾರ್ಟ್ ಆಗುವ ಸಂಭವವಿರುತ್ತದೆ. ಸೆಲ್ ಅಷ್ಟು ಇಳಿಯುವ ಮೊದಲೇ ಬೆಳಕು ಆರಿಸುವ ಕಡಿಮೆ ವೋಲ್ಟೇಜ್ ರಕ್ಷಣೆ ಎಂಬ ಏರ್ಪಾಡು ಹುಟ್ಟಿದ್ದು ಇದಕ್ಕಾಗಿ. ಬೆಳಕು ಆರುವುದರಿಂದ ಬಳಕೆದಾರನಿಗೆ ತೊಂದರೆಯಾದರೂ ಆ ಹೊತ್ತಿನಲ್ಲಿ ಅದು ಮಾಡುತ್ತಿರುವುದು ತನ್ನ ಕೆಲಸವನ್ನೇ.

ಇನ್ನೊಂದು ಸಂಗತಿ ಗೊತ್ತಿಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಯೂ ಅರ್ಥವಾಗುವುದಿಲ್ಲ. ಹೊರಗೆ ತೆಗೆದಿಟ್ಟ ಸೆಲ್ ತೋರಿಸುವ ವೋಲ್ಟೇಜ್ ಬೇರೆ, ಟಾರ್ಚ್ ಉರಿಯುವಾಗ ಡ್ರೈವರಿಗೆ ಸಿಗುವ ವೋಲ್ಟೇಜ್ ಬೇರೆ. ಸೆಲ್‌ನ ಒಳಗಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ), ಸ್ಪ್ರಿಂಗ್, ಸ್ವಿಚ್, ಹಿಂಬದಿಯ ಮುಚ್ಚಳದ ಥ್ರೆಡ್ಡು, ಇವೆಲ್ಲ ಸೇರಿ 0.1 ಓಮ್ ಆಗಿದ್ದು ಟಾರ್ಚ್ 3 ಆಂಪಿಯರ್ ಎಳೆಯುತ್ತಿದ್ದರೆ ದಾರಿಯಲ್ಲೇ 0.3 ವೋಲ್ಟ್ ಕಳೆದುಹೋಗುತ್ತದೆ. ಅದೇ ರೆಸಿಸ್ಟೆನ್ಸ್ 0.25 ಓಮಿಗೆ ಏರಿದರೆ ನಷ್ಟ 0.75 ವೋಲ್ಟ್, ಆಗ 3.7 ವೋಲ್ಟ್ ಇರುವ ಅರ್ಧ ತುಂಬಿದ ಸೆಲ್ ಕೂಡ ಡ್ರೈವರಿನ ಕಣ್ಣಿಗೆ 2.95 ವೋಲ್ಟಿನ ಖಾಲಿ ಸೆಲ್ಲಾಗಿ ಕಾಣುತ್ತದೆ. ಟ್ಯಾಂಕು ತುಂಬಿದ್ದರೂ ಪೈಪಿನಲ್ಲಿ ಕಸ ಕಟ್ಟಿದ್ದರೆ ತೋಟದ ಕೊನೆಯ ಸ್ಪ್ರಿಂಕ್ಲರ್ ತಿರುಗದಿರುವುದು ಇದೇ ಲೆಕ್ಕ. ಎಲ್‌ಇಡಿಯ ಬೇಡಿಕೆಯೂ ಸ್ಥಿರವಲ್ಲ: ಬಿಳಿ ಎಲ್‌ಇಡಿಗೆ ಮಂದ ಬೆಳಕಿನಲ್ಲಿ ಸುಮಾರು 2.7 ವೋಲ್ಟ್ ಸಾಕಾದರೆ, ಕೆಲವು ಆಂಪಿಯರ್ ಹರಿಯುವ ಪೂರ್ಣ ಬೆಳಕಿಗೆ 3.2ರಿಂದ 3.5 ವೋಲ್ಟ್ ಬೇಕು. “ಮಂದದಲ್ಲಿ ಚೆನ್ನಾಗಿ ಉರಿಯುತ್ತದೆ, ಜೋರು ಮಾಡಿದರೆ ಆರುತ್ತದೆ” ಎಂಬ ದೂರಿನ ಮೂಲ ಬಹುತೇಕ ಇಲ್ಲೇ ಇರುತ್ತದೆ.

ಡ್ರೈವರ್ ಯಾವ ಬಗೆಯದು

ಸೆಲ್ ಮತ್ತು ಎಲ್‌ಇಡಿಯ ನಡುವೆ ಕೂತು ಕರೆಂಟನ್ನು ಹದಕ್ಕೆ ತರುವ ಸಣ್ಣ ದುಂಡು ಬೋರ್ಡೇ ಡ್ರೈವರ್. ಅದರ ಬಗೆ ಗೊತ್ತಾದರೆ, ಕಂಡ ಲಕ್ಷಣ ದೋಷವೋ ಸಹಜ ಸ್ವಭಾವವೋ ಎಂಬುದು ತೀರ್ಮಾನವಾಗುತ್ತದೆ.

ಅಗ್ಗದ ಝೂಮ್ ಟಾರ್ಚ್‌ಗಳಲ್ಲಿ ಡ್ರೈವರ್ ಎನ್ನುವುದು ಹೆಸರಿಗಷ್ಟೇ. ಸೆಲ್‌ನಿಂದ ಎಲ್‌ಇಡಿಗೆ ನೇರ ದಾರಿ, ನಡುವೆ ಒಂದು ರೆಸಿಸ್ಟರ್ ಅಥವಾ ಮಂದ-ಜೋರು ಬದಲಿಸುವ ಒಂದು ಚಿಕ್ಕ ಐಸಿ. ಇದರಲ್ಲಿ ಬೆಳಕು ಮೊದಲ ನಿಮಿಷದಿಂದಲೇ ಸೆಲ್‌ನ ವೋಲ್ಟೇಜಿನ ಜೊತೆ ಇಳಿಯುತ್ತ ಹೋಗುತ್ತದೆ. ಕೊನೆಗೆ ಎಲ್‌ಇಡಿಗೆ ಸಾಕಾಗುವಷ್ಟು ವೋಲ್ಟೇಜ್ ಇಲ್ಲದೆ ಕೆಂಡದಷ್ಟೇ ಬೆಳಕು ಉಳಿಯುತ್ತದೆ, ಆದರೆ ಪೂರ್ತಿ ಆರುವುದಿಲ್ಲ. ಎಲ್‌ಇಡಿಯೇ ಒಂದು ಬಗೆಯ ತಡೆಯಾಗುವುದರಿಂದ ಇಳಿತ ನಿಧಾನವಾಗುತ್ತದೆ ಎಂಬುದು ನಿಜ. ಆದರೂ ಸ್ವಿಚ್ ಆರಿಸದೆ ರಾತ್ರಿಯಿಡೀ ಬಿಟ್ಟರೆ ಸೆಲ್ 2.5 ವೋಲ್ಟಿಗಿಂತ ಕೆಳಗೆ ಹೋಗುವುದನ್ನು ತಡೆಯುವವರು ಅಲ್ಲಿ ಯಾರೂ ಇಲ್ಲ. ಇಂಥ ಟಾರ್ಚಿನಲ್ಲಿ ರಕ್ಷಣೆ ಕೆಟ್ಟಿದೆಯೇ ಎಂದು ಹುಡುಕುವುದೇ ವ್ಯರ್ಥ, ಅದು ಮೊದಲಿನಿಂದಲೂ ಇರಲಿಲ್ಲ.

ಎರಡನೆಯದು ಲೀನಿಯರ್ ಡ್ರೈವರ್. ಎಎಂಸಿ7135 ಎಂಬ ಮೂರು ಕಾಲಿನ ಚಿಕ್ಕ ಚಿಪ್ ಇದರ ಪರಿಚಿತ ರೂಪ. ಒಂದೊಂದು ಚಿಪ್ಪೂ ಸುಮಾರು 350 ಮಿಲಿ ಆಂಪಿಯರ್ ಹರಿಸುತ್ತದೆ, ಎಂಟನ್ನು ಸಮಾನಾಂತರವಾಗಿ (ಪ್ಯಾರಲಲ್) ಜೋಡಿಸಿದರೆ 2.8 ಆಂಪಿಯರ್. ಹೆಚ್ಚುವರಿ ವೋಲ್ಟೇಜನ್ನು ಇದು ಬಿಸಿಯಾಗಿ ಸುಡುತ್ತದೆ. ತುಂಬಿದ ಸೆಲ್ 4.2, ಎಲ್‌ಇಡಿ 3.2 ಇದ್ದಾಗ 2.8 ಆಂಪಿಯರಿಗೆ 2.8 ವಾಟ್ ಬಿಸಿ ಆ ಪುಟ್ಟ ಬೋರ್ಡಿನ ಮೇಲೇ ಹುಟ್ಟುತ್ತದೆ. ವೋಲ್ಟೇಜ್ ಎಲ್‌ಇಡಿಗೆ ಬೇಕಾದ ಮಟ್ಟದ ಹತ್ತಿರ ಬರುವವರೆಗೆ ಬೆಳಕು ಸಮನಾಗಿ ಉಳಿದು ಅಲ್ಲಿಂದ ಮುಂದೆ ಮೆಲ್ಲನೆ ಇಳಿಯುತ್ತದೆ. ಜೋರು ಬೆಳಕಿನ ಟಾರ್ಚ್‌ಗಳಲ್ಲಿ ಇದರ ಜೊತೆಗೊಂದು ಮಾಸ್ಫೆಟ್, ಅಂದರೆ ಎಲೆಕ್ಟ್ರಾನಿಕ್ ಸ್ವಿಚ್ಚಿನಂಥ ಬಿಡಿಭಾಗ, ಇರುತ್ತದೆ. ಅತಿ ಜೋರಿನ ಹಂತದಲ್ಲಿ ಅದು ಸೆಲ್ಲನ್ನು ನೇರವಾಗಿ ಎಲ್‌ಇಡಿಗೆ ಜೋಡಿಸಿಬಿಡುವುದರಿಂದ ಆ ಒಂದು ಹಂತ ಮಾತ್ರ ಅಗ್ಗದ ಟಾರ್ಚಿನಂತೆ ಆರಂಭದಿಂದಲೇ ಇಳಿಯುತ್ತದೆ. ಇದನ್ನು ದೋಷವೆಂದು ಭಾವಿಸಿ ಬಿಚ್ಚುವವರಿದ್ದಾರೆ.

ಇನ್ನು ಇಂಡಕ್ಟರ್ ಎಂಬ ತಂತಿಸುರುಳಿ ಇರುವ ಸ್ವಿಚಿಂಗ್ ಡ್ರೈವರುಗಳು. ಬೋರ್ಡಿನ ಮೇಲೆ ಚೌಕಾಕಾರದ ಕಪ್ಪು ಅಥವಾ ಬೂದು ಬಣ್ಣದ ಗಟ್ಟಿ ತುಂಡೊಂದು ಎದ್ದು ಕಂಡರೆ ಅದು ಇಂಡಕ್ಟರ್. ವೋಲ್ಟೇಜ್ ಇಳಿಸುವುದು ಬಕ್, ಏರಿಸುವುದು ಬೂಸ್ಟ್, ಎರಡೂ ಮಾಡುವುದು ಬಕ್-ಬೂಸ್ಟ್. ಒಂದೇ ಸೆಲ್‌ನಿಂದ 6 ಅಥವಾ 12 ವೋಲ್ಟಿನ ಎಲ್‌ಇಡಿ ಉರಿಸಲು ಬೂಸ್ಟ್ ಬೇಕು, ಎರಡು ಸೆಲ್ ಸಾಲಾಗಿರುವ ಟಾರ್ಚಿನಿಂದ 3 ವೋಲ್ಟಿನ ಎಲ್‌ಇಡಿ ಉರಿಸಲು ಬಕ್ ಬೇಕು. ದೋಷ ಪತ್ತೆಯ ದೃಷ್ಟಿಯಿಂದ ಬೂಸ್ಟ್ ಡ್ರೈವರಿನ ಸ್ವಭಾವ ಮುಖ್ಯ: ಬೆಳಕನ್ನು ಒಂದೇ ಸಮ ಇಡಬೇಕೆಂಬ ಹಟದಿಂದ, ಸೆಲ್‌ನ ವೋಲ್ಟೇಜ್ ಇಳಿದಂತೆಲ್ಲ ಅದು ಹೆಚ್ಚು ಕರೆಂಟು ಎಳೆಯುತ್ತದೆ. ಹೆಚ್ಚು ಕರೆಂಟು ಎಳೆದಂತೆ ದಾರಿಯ ನಷ್ಟ ಹೆಚ್ಚುತ್ತದೆ, ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಆದ್ದರಿಂದ ಬೂಸ್ಟ್ ಟಾರ್ಚ್ ಕೊನೆಯವರೆಗೂ ಪೂರ್ಣ ಬೆಳಕು ಕೊಟ್ಟು, ಮುನ್ಸೂಚನೆಯೇ ಇಲ್ಲದೆ ಕುಸಿಯುತ್ತದೆ. ಸ್ಪ್ರಿಂಗಿನ ಚಿಕ್ಕ ಕಿಲುಬು ಲೀನಿಯರ್ ಟಾರ್ಚಿನಲ್ಲಿ ಸ್ವಲ್ಪ ಮಂಕು ತಂದರೆ ಬೂಸ್ಟ್ ಟಾರ್ಚಿನಲ್ಲಿ ಕತ್ತಲೆಯನ್ನೇ ತರುತ್ತದೆ.

ಬೋರ್ಡ್ ಬಿಚ್ಚದೆಯೇ ಬಗೆ ಗುರುತಿಸಲು ಖಚಿತವಾದ ದಾರಿಯೆಂದರೆ ವೋಲ್ಟೇಜ್ ಬದಲಿಸಬಹುದಾದ ಡಿಸಿ ಪವರ್ ಸಪ್ಲೈ. ಪಟ್ಟಣದ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಇದು ಇರುತ್ತದೆ, ಪರಿಚಯವಿದ್ದರೆ ಐದು ನಿಮಿಷ ಕೊಡುತ್ತಾರೆ. ಒಂದೇ ಸೆಲ್‌ನ ಟಾರ್ಚಿಗೆ 4.2 ವೋಲ್ಟ್ ಕೊಟ್ಟು, ಮಧ್ಯಮ ಬೆಳಕಿನ ಹಂತದಲ್ಲಿಟ್ಟು, ವೋಲ್ಟೇಜನ್ನು ನಿಧಾನಕ್ಕೆ 2.6ರವರೆಗೆ ಇಳಿಸುತ್ತ ಆಂಪಿಯರ್ ಮೀಟರನ್ನು ನೋಡಬೇಕು. ಮೊದಲಿನಿಂದಲೇ ಕರೆಂಟು ಇಳಿಯುತ್ತ ಹೋದರೆ ನೇರ ಜೋಡಣೆ. ಬಹಳ ದೂರ ಸಮನಾಗಿದ್ದು ಆಮೇಲೆ ಇಳಿದರೆ ಲೀನಿಯರ್. ವೋಲ್ಟೇಜ್ ಇಳಿದಂತೆ ಏರಿ, ಎಲ್‌ಇಡಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ತಿರುಗಿ ಇಳಿದರೆ ಬಕ್. ಕಡಿತದವರೆಗೂ ಏರುತ್ತಲೇ ಹೋದರೆ ಬೂಸ್ಟ್ ಅಥವಾ ಬಕ್-ಬೂಸ್ಟ್. ಯಾವ ವೋಲ್ಟಿನಲ್ಲಿ ಬೆಳಕು ಹಂತ ಇಳಿಯಿತು, ಎಲ್ಲಿ ಮಿಣುಕಿತು, ಎಲ್ಲಿ ಆರಿತು ಎಂಬುದನ್ನೂ ಬರೆದುಕೊಂಡರೆ ರಕ್ಷಣೆಯ ಪರೀಕ್ಷೆಯೂ ಅಲ್ಲೇ ಮುಗಿದಂತೆ. ಪವರ್ ಸಪ್ಲೈ ಸಿಗದವರು ಒಂದೇ ಸೆಲ್ಲನ್ನು 4.2, 3.8 ಮತ್ತು 3.5 ವೋಲ್ಟಿನ ಹಂತಗಳಲ್ಲಿ ಬಳಸಿ, ಕತ್ತಲ ಕೋಣೆಯಲ್ಲಿ ಸುಣ್ಣದ ಗೋಡೆಗೆ ಬೆಳಕು ಬಿಟ್ಟು, ಮೊಬೈಲಿನ ಲಕ್ಸ್ ಮೀಟರ್ ಆ್ಯಪ್‌ನಲ್ಲಿ ಅಂಕಿಗಳನ್ನು ಹೋಲಿಸಬಹುದು. ಆ ಅಂಕಿ ನಿಖರವಲ್ಲ, ಇಳಿಯಿತೋ ಇಲ್ಲವೋ ಎಂಬುದನ್ನು ಹೇಳಲು ಸಾಕು.

ಆರಿಸಿದವರು ಯಾರು

ಬೆಳಕು ತಾನಾಗಿ ಆರಲು ಕಾರಣವಾಗಬಲ್ಲ ರಕ್ಷಣೆ ಎರಡು ಕಡೆ ಇರಬಹುದು. ಒಂದು ಡ್ರೈವರಿನ ಮೈಕ್ರೊಕಂಟ್ರೋಲರ್, ಅಂದರೆ ಅದನ್ನು ನಿಯಂತ್ರಿಸುವ ಪುಟ್ಟ ಚಿಪ್. ಅದು ಸೆಲ್‌ನ ವೋಲ್ಟೇಜನ್ನು ಎರಡು ರೆಸಿಸ್ಟರುಗಳ ಮೂಲಕ ಭಾಗ ಮಾಡಿ ಅಳೆಯುತ್ತಿರುತ್ತದೆ. 3 ವೋಲ್ಟಿನ ಹತ್ತಿರ ಬಂದಾಗ ಹಂತ ಹಂತವಾಗಿ ಬೆಳಕು ಇಳಿಸುತ್ತದೆ ಅಥವಾ ಮಿಣುಕಿಸಿ ಎಚ್ಚರಿಸುತ್ತದೆ, ಕೊನೆಗೆ ಆರಿಸುತ್ತದೆ. ಇನ್ನೊಂದು ಸೆಲ್‌ನ ತಳಕ್ಕೇ ಅಂಟಿಸಿರುವ ನಾಣ್ಯದಂಥ ಬೋರ್ಡು. ಈ ಬಗೆಯ ಸೆಲ್ ಹೆಸರಿಗೆ 18650 ಆದರೂ ಉದ್ದ 68ರಿಂದ 70 ಮಿ.ಮೀ. ಇರುತ್ತದೆ. ಅಗ್ಗದ ಬೋರ್ಡುಗಳಲ್ಲಿ ಕಾಣುವ ಡಿಡಬ್ಲ್ಯು01ಎ ಐಸಿ ಸುಮಾರು 2.4 ವೋಲ್ಟಿಗೆ ಕಡಿತ ಮಾಡುತ್ತದೆ. ಮಿತಿ ಮೀರಿ ಕರೆಂಟು ಹರಿದಾಗಲೂ ಕಡಿತ ಮಾಡುತ್ತದೆ. ಇದಕ್ಕೆ ಮಂಕು, ಮಿಣುಕು ಎಂಬುದು ಗೊತ್ತಿಲ್ಲ. ಕತ್ತಲೆ ಒಮ್ಮೆಲೇ ಬೀಳುತ್ತದೆ. ಚಾರ್ಜಿಂಗ್ ಪೋರ್ಟ್ ಒಳಗೇ ಇರುವ ಕೆಲವು ಟಾರ್ಚ್‌ಗಳಲ್ಲಿ ಇದೇ ಐಸಿ ಸೆಲ್‌ನ ಬದಲು ಟಾರ್ಚಿನ ಬೋರ್ಡಿನ ಮೇಲೆ ಇರುವುದುಂಟು.

ಮೂರನೆಯದೊಂದಿದೆ, ಅದು ವೋಲ್ಟೇಜಿಗೆ ಸಂಬಂಧಿಸಿದ್ದಲ್ಲ. ಜೋರು ಬೆಳಕಿನ ಟಾರ್ಚ್‌ಗಳು ಬಿಸಿಯಾದಾಗ ಅಥವಾ ಕೆಲವು ನಿಮಿಷ ಕಳೆದಾಗ ತಾವಾಗಿಯೇ ಬೆಳಕು ತಗ್ಗಿಸುತ್ತವೆ. ಗುರುತಿಸುವುದು ಸುಲಭ: ಆರಿಸಿ ಮತ್ತೆ ಹಾಕಿದಾಗ ಪೂರ್ಣ ಬೆಳಕು ಮರಳಿ ಬಂದು ನಿಮಿಷಗಟ್ಟಲೆ ನಿಂತರೆ ಅದು ಬಿಸಿಯ ಅಥವಾ ಸಮಯದ ಇಳಿತ, ರಿಪೇರಿ ಬೇಡ. ಕೆಲವೇ ಸೆಕೆಂಡಿನಲ್ಲಿ ಮತ್ತೆ ಇಳಿದರೆ ಅದು ವೋಲ್ಟೇಜಿನ ವಿಷಯ.

ಪರೀಕ್ಷೆ

ಟಾರ್ಚ್ ಆರಿದ ಅಥವಾ ಮಂಕಾದ ಕೂಡಲೇ ಸೆಲ್ ಹೊರತೆಗೆದು ಒಂದೆರಡು ನಿಮಿಷ ಬಿಟ್ಟು ಅಳೆಯಿರಿ. ಭಾರ ಇಳಿದ ಮೇಲೆ ಸೆಲ್‌ನ ವೋಲ್ಟೇಜ್ ತಾನಾಗಿ ಸ್ವಲ್ಪ ಏರುತ್ತದೆ, ಅದು ಸಹಜ.

ಅಳತೆ 3.1ರಿಂದ 3.4 ವೋಲ್ಟಿನೊಳಗೆ ಬಂದರೆ ಎಲ್ಲವೂ ಸರಿಯಾಗಿದೆ. ಸೆಲ್ ನಿಜಕ್ಕೂ ಖಾಲಿಯಾಗಿದೆ, ರಕ್ಷಣೆ ಕೆಲಸ ಮಾಡಿದೆ. ತುಂಬಾ ಬೇಗ ಇಲ್ಲಿಗೆ ತಲುಪುತ್ತಿದ್ದರೆ ಸೆಲ್‌ನ ಸಾಮರ್ಥ್ಯ ಕುಗ್ಗಿದೆ ಅಥವಾ ಮೊದಲೇ ಇರಲಿಲ್ಲ. 9,900 ಎಂಎಎಚ್ (ಮಿಲಿ ಆಂಪಿಯರ್-ಅವರ್, ಸೆಲ್ ಹಿಡಿಸುವ ಚಾರ್ಜಿನ ಅಳತೆ) ಎಂದು ಅಚ್ಚು ಹಾಕಿದ 18650 ಸೆಲ್‌ಗಳು ಮಾರಾಟವಾಗುತ್ತಲೇ ಇವೆ. ಅದು ಶುದ್ಧ ಸುಳ್ಳು. ಆ ಗಾತ್ರದಲ್ಲಿ ಹೆಸರಾಂತ ತಯಾರಕರ ಒಳ್ಳೆಯ ಸೆಲ್‌ಗಳೇ 3,500 ಎಂಎಎಚ್ ಆಸುಪಾಸಿನವು. ಇಂಥ ಸೆಲ್ಲನ್ನು ಅಂಗೈಯಲ್ಲಿ ತೂಗಿ ನೋಡಿದರೂ ಅನುಮಾನ ಬರುತ್ತದೆ: ಒಳ್ಳೆಯ 18650 ಸುಮಾರು 45 ಗ್ರಾಂ ತೂಗುತ್ತದೆ, ಸುಳ್ಳು ಸೆಲ್‌ಗಳು ಹಲವು ಸಲ ಅದಕ್ಕಿಂತ ಎದ್ದುಕಾಣುವಷ್ಟು ಹಗುರ.

ಮೀಟರಿನಲ್ಲಿ ಸೊನ್ನೆ ಅಥವಾ ಅಲುಗಾಡುವ ಅತಿ ಚಿಕ್ಕ ಸಂಖ್ಯೆ ಬಂದರೆ, ಸೆಲ್ ಸತ್ತಿದೆ ಎಂದು ಎಸೆಯಬಾರದು. ರಕ್ಷಣಾ ಬೋರ್ಡು ಸಂಪರ್ಕ ಕಡಿದಿರುವಾಗಲೂ ಹೊರಗಿನ ತುದಿಗಳಲ್ಲಿ ಹೀಗೇ ಕಾಣುತ್ತದೆ. ಚಾರ್ಜರಿಗೆ ಹಾಕಿದ ಕೂಡಲೇ ಬೋರ್ಡು ತೆರೆದುಕೊಂಡು ನಿಜವಾದ ವೋಲ್ಟೇಜ್ ತೋರುತ್ತದೆ. ಆಗ 2.4ರ ಆಸುಪಾಸಿನಿಂದ ಮೇಲಿದ್ದರೆ ಸೆಲ್ ಸಾಧಾರಣವಾಗಿ ಬದುಕುತ್ತದೆ. ಖಾಲಿಯಾಗಿ ಅಲ್ಲ, ಹೆಚ್ಚು ಕರೆಂಟು ಎಳೆದದ್ದಕ್ಕೆ ಕಡಿತವಾಗಿದ್ದರೆ ಭಾರ ತೆಗೆದ ಕೂಡಲೇ ಬೋರ್ಡು ತಾನಾಗಿ ತೆರೆದುಕೊಳ್ಳುತ್ತದೆ, ಮೀಟರಿನಲ್ಲಿ 3.8 ಅಥವಾ 4.0 ಕಾಣುತ್ತದೆ, ಆ ಸೆಲ್‌ನ ಬೋರ್ಡಿಗೂ ಆ ಟಾರ್ಚಿನ ಹಸಿವಿಗೂ ಹೊಂದಾಣಿಕೆಯಿಲ್ಲ ಎಂದರ್ಥ. ಹೆಚ್ಚು ಆಂಪಿಯರ್ ತಾಳುವ ಸೆಲ್ ಹಾಕಬೇಕು.

ನಮ್ಮ ಸೀಮೆಯಲ್ಲಿ ಹೆಚ್ಚು ಎದುರಾಗುವುದು ಮೂರನೆಯ ಬಗೆ: ಜೋರು ಮಾಡಿದರೆ ಟಾರ್ಚ್ ಮಿಣುಕಿ ಇಳಿಯುತ್ತದೆ, ಆದರೆ ಹೊರತೆಗೆದ ಸೆಲ್ 3.6ಕ್ಕಿಂತ ಮೇಲೆ, ಕೆಲವೊಮ್ಮೆ 3.9 ತೋರಿಸುತ್ತದೆ. ರಕ್ಷಣೆ ಸುಳ್ಳು ಹೇಳುತ್ತಿಲ್ಲ, ಅದರ ಹತ್ತಿರ ಬರುವ ಹೊತ್ತಿಗೆ ವೋಲ್ಟೇಜ್ ನಿಜವಾಗಿಯೂ ಅಷ್ಟು ಇಳಿದಿದೆ. ಚೆನ್ನಾಗಿದೆ ಎಂದು ಖಚಿತವಿರುವ ಇನ್ನೊಂದು ಸೆಲ್ ಹಾಕಿ ನೋಡಿ. ತೊಂದರೆ ಹೋದರೆ ಮೊದಲ ಸೆಲ್ ಮುದಿಯಾಗಿ ಅದರ ಒಳ ರೆಸಿಸ್ಟೆನ್ಸ್ ಏರಿದೆ. ಹೊಸ ಸೆಲ್‌ನಲ್ಲಿ ಕೆಲವು ಹತ್ತು ಮಿಲಿ ಓಮ್ ಇರುವುದು ಹಳೆಯದರಲ್ಲಿ ಹಲವು ಪಟ್ಟಾಗಿರುತ್ತದೆ. ಅಂಥದ್ದನ್ನು ಮಂದ ಬೆಳಕಿನ ಟಾರ್ಚಿಗೆ ಇಟ್ಟುಕೊಳ್ಳಬಹುದು. ಹೊಸ ಸೆಲ್‌ನಲ್ಲೂ ತೊಂದರೆ ಹೋಗದಿದ್ದರೆ ದೋಷ ಟಾರ್ಚಿನ ಮೈಯಲ್ಲಿದೆ.

ಆಗ ತಾಮ್ರದ ವೈರಿನ ಪರೀಕ್ಷೆ ಮಾಡಬೇಕು. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿ.ಮೀ. ತಾಮ್ರದ ವೈರಿನ ಎರಡೂ ತುದಿಗಳ ಪ್ಲಾಸ್ಟಿಕ್ ಸುಲಿದು, ಹಿಂಬದಿಯ ಮುಚ್ಚಳವನ್ನು ಪೂರ್ತಿ ತೆಗೆದು, ವೈರಿನ ಒಂದು ತುದಿಯನ್ನು ಸೆಲ್‌ನ ತಳಕ್ಕೂ ಇನ್ನೊಂದು ತುದಿಯನ್ನು ಟಾರ್ಚಿನ ಕೊಳವೆಯ ಅಂಚಿನಲ್ಲಿ ಬಣ್ಣವಿಲ್ಲದೆ ಹೊಳೆಯುವ ಬರಿಯ ಅಲ್ಯುಮಿನಿಯಂ ಉಂಗುರಕ್ಕೂ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಬಣ್ಣದ ಮೈಗೆ ಒತ್ತಿದರೆ ಪ್ರಯೋಜನವಿಲ್ಲ, ಆ ಅನೋಡೈಸ್ ಪದರ ಕರೆಂಟು ಬಿಡುವುದಿಲ್ಲ. ವೈರು ಸೆಲ್‌ನ ಧನ ತುದಿಯ ಹತ್ತಿರ ಎಲ್ಲೂ ಸುಳಿಯಬಾರದು. ಹೀಗೆ ಮಾಡಿದಾಗ ಬೆಳಕು ಮೊದಲಿಗಿಂತ ಜೋರಾಗಿ ಬಂದು ಮಿಣುಕದೆ ನಿಂತರೆ, ದೋಷ ಮುಚ್ಚಳದಲ್ಲಿರುವ ಸ್ಪ್ರಿಂಗ್, ಸ್ವಿಚ್ ಅಥವಾ ಥ್ರೆಡ್ಡಿನಲ್ಲಿದೆ. ಏನೂ ಬದಲಾಗದಿದ್ದರೆ ತಲೆಯ ಭಾಗವನ್ನು ನೋಡಬೇಕು: ಡ್ರೈವರನ್ನು ಹಿಡಿದಿರುವ ಉಂಗುರ ಸಡಿಲವಾಗಿದ್ದರೆ ಟಾರ್ಚನ್ನು ಅಂಗೈಗೆ ತಟ್ಟಿದಾಗ ಬೆಳಕು ನಡುಗುತ್ತದೆ. ಮೂತಿ ಸಣ್ಣಗಿನ ಇಕ್ಕಳದಿಂದ ಆ ಉಂಗುರ ಬಿಗಿಮಾಡಿದರೆ ಸಾಕಾಗುತ್ತದೆ.

ಮುಚ್ಚಳ ಬಿಚ್ಚಿ ನೋಡಿದರೆ ಕಾರಣ ಹೆಚ್ಚಾಗಿ ಕಣ್ಣಿಗೇ ಕಾಣುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ, ಸುತ್ತಲ ಸೀಮೆಯಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೆ ಬೂಷ್ಟು ಹಿಡಿಯುವಷ್ಟು ತೇವ. ಒದ್ದೆ ಕೈಯಲ್ಲಿ ಸೆಲ್ ಬದಲಿಸಿದಾಗ ಒಳಹೋದ ಒಂದು ಹನಿ ನೀರು ಸ್ಪ್ರಿಂಗಿನ ಬುಡದಲ್ಲಿ ಹಸಿರು ಕಿಲುಬಾಗಿ, ಥ್ರೆಡ್ಡಿನ ಸಂದಿಯಲ್ಲಿ ಬೂದು ಬಣ್ಣದ ಕೊಳೆಯಾಗಿ ಕೂತಿರುತ್ತದೆ. ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಥ್ರೆಡ್ಡು ಮತ್ತು ಕೊಳವೆಯ ಅಂಚನ್ನು ಕಪ್ಪು ಬರುವುದು ನಿಲ್ಲುವವರೆಗೆ ಒರೆಸಿ. ಸ್ಪ್ರಿಂಗಿನ ತುದಿ ಮತ್ತು ಸೆಲ್ಲಿನ ತುದಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಉಪ್ಪುಕಾಗದ ಬೇಡ, ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಕಿಲುಬು ಇನ್ನೂ ಬೇಗ ಬರುತ್ತದೆ. ರಬ್ಬರ್ ಉಂಗುರಕ್ಕೆ ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಚ್ಚುವವರುಂಟು. ಅದು ಕ್ರಮೇಣ ಜಿಗುಟಾಗಿ ಮಣ್ಣು ಹಿಡಿಯುತ್ತದೆ. ಸ್ಪ್ರಿಂಗ್ ಸೊರಗಿದ್ದರೆ ಅದರ ಬುಡದಿಂದ ತುದಿಗೆ ಸಣ್ಣದೊಂದು ಮೆತ್ತನೆಯ ತಾಮ್ರದ ಎಳೆವೈರನ್ನು ಬೆಸುಗೆ ಹಾಕುವುದು ಒಳ್ಳೆಯ ಉಪಾಯ. ಕರೆಂಟು ವೈರಿನಲ್ಲಿ ಹರಿಯುತ್ತದೆ, ಸ್ಪ್ರಿಂಗ್ ಒತ್ತುವ ಕೆಲಸವನ್ನಷ್ಟೇ ಮಾಡುತ್ತದೆ.

ಇದೇ ಲಕ್ಷಣವಿದ್ದು, ಎಲ್ಲ ಒರೆಸಿದ ಮೇಲೂ ಹೋಗದ ಇನ್ನೊಂದು ಪ್ರಕರಣವಿದೆ. ಚಾರ್ಜಿನಿಂದ ಈಗಷ್ಟೇ ತೆಗೆದ ಸೆಲ್ ಸ್ವಲ್ಪ ಹೊತ್ತಿನಲ್ಲೇ 3.3 ಅಥವಾ 3.4ಕ್ಕೆ ಇಳಿದು ನಿಂತು, ಟಾರ್ಚ್ ಹಾಕಿದ ಕೂಡಲೇ ಎಚ್ಚರಿಕೆಯ ಮಿಣುಕು ಬಂದರೆ, ಸೆಲ್‌ನ ಹೊದಿಕೆಯ ಮೇಲಿನ ಅಕ್ಷರಗಳನ್ನು ಓದಬೇಕು. ಐಎಫ್‌ಆರ್ ಎಂದೋ 3.2 ವೋಲ್ಟ್ ಎಂದೋ ಇದ್ದರೆ ಅದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ಸೋಲಾರ್ ದೀಪಗಳಲ್ಲಿ ಇಂಥವು ಇರುತ್ತವೆ, ಗಾತ್ರ ಒಂದೇ ಆದ್ದರಿಂದ ಕೆಟ್ಟ ಸೋಲಾರ್ ದೀಪದಿಂದ ಕಳಚಿ ಟಾರ್ಚಿಗೆ ಹಾಕಿರುತ್ತಾರೆ. ಪೂರ್ತಿ ತುಂಬಿದಾಗಲೂ ಅದರ ಸಹಜ ಮಟ್ಟವೇ ಅಷ್ಟು. ಉರಿಯುವಾಗ ಅದು ಇನ್ನಷ್ಟು ಇಳಿಯುವುದರಿಂದ 3 ವೋಲ್ಟಿಗೆ ಎಚ್ಚರಿಸುವ ಡ್ರೈವರಿಗೆ ಅದು ಸದಾ ಖಾಲಿ ಸೆಲ್. ಅದರ ಚಾರ್ಜಿನ ಮಿತಿ 3.65 ವೋಲ್ಟ್, ಸಾಮಾನ್ಯ ಚಾರ್ಜರ್ 4.2ರವರೆಗೆ ತಳ್ಳುತ್ತದೆ. ಟಾರ್ಚಿನ ತಪ್ಪು ಇದರಲ್ಲಿ ಏನೂ ಇಲ್ಲ, ಸೆಲ್ಲನ್ನು ಅದರ ದೀಪಕ್ಕೇ ಮರಳಿಸಬೇಕು.

ರಕ್ಷಣೆಯೇ ಕೆಟ್ಟಾಗ

ಆರಿದ ಅಥವಾ ಕೆಂಡದಂತಾದ ಟಾರ್ಚಿನ ಸೆಲ್ 2.8ಕ್ಕಿಂತ ಕೆಳಗಿದ್ದರೆ ರಕ್ಷಣೆ ಇಲ್ಲ ಅಥವಾ ಕೆಟ್ಟಿದೆ. ಇಂಥ ಟಾರ್ಚಿಗೆ ಬೋರ್ಡಿರುವ ಸೆಲ್ಲನ್ನೇ ಹಾಕುವುದು ಕ್ಷೇಮ. ಉದ್ದ ಹೆಚ್ಚಿರುವುದರಿಂದ ಕೆಲವು ಟಾರ್ಚಿನಲ್ಲಿ ಮುಚ್ಚಳ ಪೂರ್ತಿ ಕೂರುವುದಿಲ್ಲ; ಬಲವಂತವಾಗಿ ತಿರುಗಿಸಿದರೆ ತಳದ ಬೋರ್ಡೇ ನಜ್ಜುಗುಜ್ಜಾಗುತ್ತದೆ. ಪೆನ್‌ಸೆಲ್ಲಿಗೂ 14500ಕ್ಕೂ ಹೊಂದುವ ಟಾರ್ಚ್‌ಗಳಲ್ಲಂತೂ ಈ ಎಚ್ಚರ ಹೆಚ್ಚು ಬೇಕು. 1.2 ವೋಲ್ಟಿನ ಸೆಲ್‌ನಿಂದಲೂ ಉರಿಯಬೇಕಾದ ಡ್ರೈವರು 2.5 ವೋಲ್ಟಿಗೆ ಆರುವಂತಿಲ್ಲವಾದ್ದರಿಂದ ಅವುಗಳಲ್ಲಿ ಅನೇಕಕ್ಕೆ ಲಿಥಿಯಂ ಸೆಲ್ ಖಾಲಿಯಾದದ್ದು ತಿಳಿಯುವುದೇ ಇಲ್ಲ.

ಎರಡು ಸೆಲ್ ಸಾಲಾಗಿರುವ ಟಾರ್ಚಿನಲ್ಲಿ ರಕ್ಷಣೆ ಸರಿಯಾಗಿದ್ದೂ ಅಪಾಯವಿರುತ್ತದೆ. ಡ್ರೈವರ್ ನೋಡುವುದು ಒಟ್ಟು ಮೊತ್ತವನ್ನು. ಒಂದು ಸೆಲ್ 3.6, ಇನ್ನೊಂದು 2.4 ಇದ್ದರೂ ಮೊತ್ತ 6.0, ಡ್ರೈವರಿನ ಲೆಕ್ಕದಲ್ಲಿ ಎರಡೂ ಸೇರಿ ಇನ್ನೂ ಮಿತಿಯಲ್ಲೇ ಇವೆ. ದುರ್ಬಲ ಸೆಲ್ ಪೂರ್ತಿ ಬರಿದಾದ ಮೇಲೂ ಬಲವಾದದ್ದು ಅದರ ಮೂಲಕ ಕರೆಂಟು ದೂಡುತ್ತಲೇ ಇರುತ್ತದೆ, ಅದರ ವೋಲ್ಟೇಜ್ ತಿರುವುಮುರುವಾಗುವುದೂ ಉಂಟು. ಹಳೆಯದೊಂದು ಹೊಸದೊಂದು ಸೇರಿಸಿ ಹಾಕುವುದನ್ನು ನಾನು ಯಾರ ಟಾರ್ಚಿನಲ್ಲೂ ಒಪ್ಪುವುದಿಲ್ಲ. ಪರೀಕ್ಷೆ ಎಂದರೆ ಆರಿದಾಗ ಎರಡನ್ನೂ ಬೇರೆ ಬೇರೆಯಾಗಿ ಅಳೆಯುವುದು. ವ್ಯತ್ಯಾಸ ಎದ್ದುಕಂಡರೆ ಜೋಡಿಯನ್ನೇ ಬದಲಿಸಬೇಕು.

ಮೊದಲು ಸರಿಯಾಗಿದ್ದು ಈಗ ರಕ್ಷಣೆ ತಪ್ಪುತ್ತಿರುವ ಡ್ರೈವರಿನಲ್ಲಿ ಸಂಶಯ ಪಡಬೇಕಾದದ್ದು ವೋಲ್ಟೇಜ್ ಭಾಗ ಮಾಡುವ ಆ ಎರಡು ರೆಸಿಸ್ಟರುಗಳನ್ನು. ಸೆಲ್‌ನ ಧನ ಬದಿಯ ರೆಸಿಸ್ಟರಿನ ಬೆಸುಗೆ ಬಿರಿದರೆ ಮೈಕ್ರೊಕಂಟ್ರೋಲರಿಗೆ ಸೊನ್ನೆ ಕಾಣುತ್ತದೆ, 4.2 ವೋಲ್ಟಿನ ಸೆಲ್‌ನಲ್ಲೂ ಅದು ಕೂಡಲೇ ಮಿಣುಕಿ ಆರಿಸುತ್ತದೆ. ಋಣ ಬದಿಯದ್ದು ಬಿರಿದರೆ ಸೆಲ್ ಸದಾ ತುಂಬಿದಂತೆ ಕಾಣುತ್ತದೆ, ರಕ್ಷಣೆ ಯಾವತ್ತೂ ಬರುವುದಿಲ್ಲ. ಇದು ಬೆಳಕಿನಲ್ಲಿ ಗೊತ್ತಾಗದ, ಆದ್ದರಿಂದ ಹೆಚ್ಚು ಅಪಾಯದ ದೋಷ. ಬೋರ್ಡಿನ ಮೇಲೆ ತೇವ ಮತ್ತು ಬೆಸುಗೆಗೆ ಬಳಸಿದ ಹಳೆಯ ಫ್ಲಕ್ಸ್ ಸೇರಿ ಆದ ಸೋರಿಕೆಯಿಂದಲೂ ಅಳತೆ ವಾಲುತ್ತದೆ. ಆಲ್ಕೊಹಾಲಿನಿಂದ ತೊಳೆದು, ಬಿಸಿಲು ಕಾಣದ ದಿನಗಳಲ್ಲಿ ಅಕ್ಕಿ ಡಬ್ಬಿಗಿಂತ ಸಿಲಿಕಾ ಜೆಲ್ ಪೊಟ್ಟಣವಿರುವ ಮುಚ್ಚಿದ ಡಬ್ಬಿಯಲ್ಲಿ ಒಣಗಿಸಿ ಮತ್ತೆ ನೋಡಬೇಕು. ಆಮೇಲೂ ಸರಿಹೋಗದಿದ್ದರೆ ಡ್ರೈವರ್ ಬದಲಿಸುವುದೇ ಲೇಸು, ಅಷ್ಟು ಚಿಕ್ಕ ರೆಸಿಸ್ಟರಿನ ಬೆಸುಗೆ ಎಲ್ಲರ ಕೈಗೆ ಒಗ್ಗುವಂಥದ್ದಲ್ಲ.

ಬಳಸದೆಯೇ ಖಾಲಿಯಾಗುವ ಟಾರ್ಚ್ ಬೇರೆಯೇ ಪ್ರಕರಣ. ಬದಿಯಲ್ಲಿ ಒತ್ತುವ ಎಲೆಕ್ಟ್ರಾನಿಕ್ ಸ್ವಿಚ್ಚಿನ ಟಾರ್ಚ್‌ಗಳು ಆರಿದ್ದಾಗಲೂ ಸ್ವಲ್ಪ ಕರೆಂಟು ಎಳೆಯುತ್ತಿರುತ್ತವೆ. ಕೆಲವು ಹತ್ತು ಮೈಕ್ರೊ ಆಂಪಿಯರ್ ಆದರೆ ಚಿಂತೆಯಿಲ್ಲ, 1 ಮಿಲಿ ಆಂಪಿಯರ್ ಆದರೆ 3,000 ಎಂಎಎಚ್ ಸೆಲ್ ನಾಲ್ಕು ತಿಂಗಳಲ್ಲಿ ಬರಿದು. ಇದನ್ನು ಅಳೆಯಲು ಮುಚ್ಚಳ ತೆಗೆದು, ಮೀಟರನ್ನು ಮಿಲಿ ಆಂಪಿಯರಿನಲ್ಲಿಟ್ಟು, ಸೆಲ್‌ನ ತಳಕ್ಕೂ ಕೊಳವೆಯ ಅಂಚಿಗೂ ನಡುವೆ ಅದರ ಕಡ್ಡಿಗಳನ್ನು ಒತ್ತಬೇಕು; ಆ ಹೊತ್ತಿನಲ್ಲಿ ಟಾರ್ಚಿನ ಗುಂಡಿಯನ್ನು ಮುಟ್ಟಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಎಳೆತ ಹೆಚ್ಚಿದ್ದರೆ ಇಡುವಾಗ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರಾಯಿತು. ಥ್ರೆಡ್ಡಿಗೂ ಅನೋಡೈಸ್ ಪದರ ಇರುವ ಟಾರ್ಚಿನಲ್ಲಿ ಮಾತ್ರ ಇದರಿಂದ ಸಂಪರ್ಕ ತಪ್ಪುತ್ತದೆ, ಬೆಳ್ಳಗೆ ಹೊಳೆಯುವ ಥ್ರೆಡ್ಡಿದ್ದರೆ ಸೆಲ್ಲನ್ನೇ ಹೊರಗಿಡಬೇಕು.

ತೀರಾ ಇಳಿದುಹೋದ ಸೆಲ್ಲನ್ನು ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಉತ್ತರ ಅದು ಎಷ್ಟು ಇಳಿದಿತ್ತು, ಎಷ್ಟು ಕಾಲ ಹಾಗಿತ್ತು ಎಂಬುದರ ಮೇಲಿದೆ. 2 ವೋಲ್ಟಿಗಿಂತ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದದ್ದನ್ನು ಚಾರ್ಜ್ ಮಾಡಬಾರದು. ಈಚೆಗೆ ಇಳಿದದ್ದನ್ನು, ಆರಂಭದಲ್ಲಿ ಕಡಿಮೆ ಕರೆಂಟು ಕೊಡುವ ಚಾರ್ಜರಿನಲ್ಲಿ ಹಾಕಬಹುದು. ಟಿಪಿ4056 ಐಸಿಯ ಬೋರ್ಡುಗಳು ಸೆಲ್ 2.9 ವೋಲ್ಟ್ ಮುಟ್ಟುವವರೆಗೆ ಪೂರ್ಣ ಕರೆಂಟಿನ ಹತ್ತರಲ್ಲೊಂದು ಭಾಗವನ್ನಷ್ಟೇ ಕೊಡುತ್ತವೆ. ಚಾರ್ಜ್ ಆಗುವಾಗ ಸೆಲ್ಲನ್ನು ಸಿಮೆಂಟು ನೆಲದ ಮೇಲೆ, ಕಣ್ಣೆದುರು ಇಟ್ಟುಕೊಳ್ಳಬೇಕು. ಕೈಗೆ ಬಿಸಿ ತಾಗಿದರೆ ಅಲ್ಲಿಗೆ ನಿಲ್ಲಿಸಿ ಬದಿಗಿಡಬೇಕು. 4.2ಕ್ಕೆ ತುಂಬಿದ ಮೇಲೆ ಹೊರತೆಗೆದು ಎರಡು ವಾರ ಬಿಟ್ಟು ಅಳೆದಾಗ 4.1ಕ್ಕಿಂತ ಕೆಳಗಿಳಿದಿದ್ದರೆ ಒಳಗೆ ಸೋರಿಕೆಯಿದೆ. ಅಂಥದ್ದರ ಎರಡೂ ತುದಿಗೆ ಟೇಪು ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಬೇಕು. ಬಚ್ಚಲ ಒಲೆಗೂ ತೋಟದ ಗೊಬ್ಬರಗುಂಡಿಗೂ ಹಾಕುವಂತಿಲ್ಲ.